ನೆರೆಮನೆಯಲ್ಲಿ ಕೂಡುವ ಧರ್ಮಸಭೆ: ಕಿರು ಕ್ರೈಸ್ತ ಸಮುದಾಯಗಳ ಇತಿಹಾಸ

ಚರ್ಚು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಎತ್ತರದ ಗೋಪುರ, ಗಂಟೆಯ ನಾದ, ಭಾನುವಾರದ ಜನಸಂದಣಿ. ಆದರೆ ಆದಿ ಕ್ರೈಸ್ತರು ಸೇರುತ್ತಿದ್ದುದು ಹೆಚ್ಚಾಗಿ ಮನೆಗಳಲ್ಲೇ. ಸಂತ ಪೌಲನು ರೋಮಿನವರಿಗೆ ಬರೆದ ಪತ್ರದಲ್ಲಿ, ಪ್ರಿಸ್ಕ ಮತ್ತು ಅಕ್ವಿಲ ದಂಪತಿಗಳ ಮನೆಯಲ್ಲಿ ಕೂಡುತ್ತಿದ್ದ ಸಭೆಗೆ ವಂದನೆ ತಿಳಿಸಿದ್ದಾನೆ. ನಾಲ್ಕನೆಯ ಶತಮಾನದಲ್ಲಿ ರಾಜಾಶ್ರಯ ದೊರೆತು ದೊಡ್ಡ ದೇವಾಲಯಗಳು ಎದ್ದ ಮೇಲೆ ಮನೆಯ ಸಭೆ ಹಿಂದೆ ಸರಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಅದು ಮರಳಿ ಬಂದದ್ದು ಗುರುಗಳ ಕೊರತೆಯಿಂದ ಎಂಬುದು ಕುತೂಹಲದ ಸಂಗತಿ.

ಬ್ರೆಜಿಲ್ ದೇಶದ ಬಾರಾ ದೊ ಪಿರಾಯಿ ಎಂಬಲ್ಲಿಗೆ 1956ರಲ್ಲಿ ಅನ್ಯೆಲೊ ರೊಸ್ಸಿ ಧರ್ಮಾಧ್ಯಕ್ಷರಾಗಿ ಬಂದರು. ಕ್ರಿಸ್‌ಮಸ್ ರಾತ್ರಿ ಪ್ರಾಟೆಸ್ಟೆಂಟರ ಚರ್ಚುಗಳಲ್ಲಿ ದೀಪ ಬೆಳಗುತ್ತಿದ್ದರೆ, ಗುರುಗಳಿಲ್ಲದ ತಮ್ಮ ಚರ್ಚಿಗೆ ಬೀಗ ಬಿದ್ದಿತ್ತೆಂದು ಮುದುಕಿಯೊಬ್ಬಳು ಅವರಲ್ಲಿ ನೊಂದುಕೊಂಡಳೆಂಬ ಪ್ರಸಂಗ ಪ್ರಸಿದ್ಧವಾಗಿದೆ. ಅವರು ಊರಿನ ಸಾಮಾನ್ಯರಿಗೇ ತರಬೇತಿ ಕೊಟ್ಟು, ನೆರೆಹೊರೆಯವರನ್ನು ಕೂಡಿಸಿ ಪ್ರಾರ್ಥನೆ ನಡೆಸುವ ಹೊಣೆಯನ್ನು ವಹಿಸಿದರು. 1962ರಿಂದ 1965ರವರೆಗೆ ನಡೆದ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಸಾಮಾನ್ಯ ವಿಶ್ವಾಸಿಗಳ ಪಾತ್ರಕ್ಕೆ ಹೊಸ ಗೌರವ ತಂದಿತು. 1968ರಲ್ಲಿ ಕೊಲಂಬಿಯಾದ ಮೆಡೆಲಿನ್‌ನಲ್ಲಿ ಕೂಡಿದ ಲ್ಯಾಟಿನ್ ಅಮೆರಿಕದ ಧರ್ಮಾಧ್ಯಕ್ಷರು ಇಂಥ ಸಮುದಾಯಗಳಿಗೆ ಒಪ್ಪಿಗೆಯ ಮುದ್ರೆ ಒತ್ತಿದರು.

ಆಫ್ರಿಕದಲ್ಲಿ ಇದು ಯೋಜನೆಯಾಗಿ ಬೆಳೆಯಿತು. 1976ರಲ್ಲಿ ನೈರೋಬಿಯಲ್ಲಿ ಸೇರಿದ ಪೂರ್ವ ಆಫ್ರಿಕದ ಧರ್ಮಾಧ್ಯಕ್ಷರ ಸಭೆ ಕಿರು ಕ್ರೈಸ್ತ ಸಮುದಾಯಗಳನ್ನು ಕಟ್ಟುವುದೇ ತಮ್ಮ ಆದ್ಯತೆಯೆಂದು ಸಾರಿತು. ದಕ್ಷಿಣ ಆಫ್ರಿಕದ ಲುಮ್ಕೊ ಸಂಸ್ಥೆಯಲ್ಲಿ ಫ್ರಿಟ್ಸ್ ಲೋಬಿಂಗರ್ ಮತ್ತು ಓಸ್ವಾಲ್ಡ್ ಹಿರ್ಮರ್ ಅವರು ಇಂಥ ಕೂಟಗಳಿಗೆ ಬೇಕಾದ ಪಾಠಗಳನ್ನು ರೂಪಿಸಿದರು. ಅವರ ‘ಏಳು ಹೆಜ್ಜೆ’ಗಳ ಕ್ರಮ ಸರಳವಾದದ್ದು: ದೇವರನ್ನು ಆಹ್ವಾನಿಸುವುದು, ಶುಭಸಂದೇಶವನ್ನು ಓದುವುದು, ಮನ ಮುಟ್ಟಿದ ಮಾತನ್ನು ಪುನಃ ಉಚ್ಚರಿಸುವುದು, ಮೌನ, ಅನುಭವ ಹಂಚಿಕೆ, ಮಾಡಬೇಕಾದ ಕೆಲಸದ ನಿರ್ಧಾರ, ಕೊನೆಗೆ ಪ್ರಾರ್ಥನೆ. ಇಲ್ಲಿ ಪ್ರವಚನಕಾರರಿಲ್ಲ, ಹೆಚ್ಚು ಓದದವರಿಗೂ ಮಾತಿನ ಸರದಿ ಬರುತ್ತದೆ.

ಈ ಆರನೆಯ ಹೆಜ್ಜೆಯೇ ಜೀವಾಳವೆಂದು ನನ್ನ ಭಾವನೆ. 1990ರ ದಶಕದಲ್ಲಿ ಝಾಂಬಿಯಾದ ಎಂಡೋಲಾ ಪ್ರದೇಶವನ್ನು ಏಡ್ಸ್ ಕಾಡಿತು. ಆಸ್ಪತ್ರೆಗಳು ತುಂಬಿದ್ದವು, ವೈರಾಣುವನ್ನು ಹತ್ತಿಕ್ಕುವ ಔಷಧಿ ಬಡವರ ಕೈಗೆ ಎಟುಕುತ್ತಿರಲಿಲ್ಲ. ಅಲ್ಲಿನ ಕ್ಯಾಥೊಲಿಕ್ ಧರ್ಮಪ್ರಾಂತ್ಯದ ಗೃಹಾರೈಕೆ ಯೋಜನೆಯಲ್ಲಿ ಆಯಾ ಬಡಾವಣೆಯ ಸ್ವಯಂಸೇವಕರೇ ರೋಗಿಗಳ ಮನೆಗೆ ಹೋಗಿ ಆರೈಕೆ ಮಾಡಿದರು. ಯಾವ ಮನೆಯ ಬಾಗಿಲು ಮೂರು ದಿನದಿಂದ ತೆರೆದಿಲ್ಲ ಎಂಬುದು ವೈದ್ಯನಿಗೆ ತಿಳಿಯದು, ನೆರೆಯವರಿಗೆ ತಿಳಿದಿರುತ್ತದೆ.

ಏಷ್ಯಾದ ಧರ್ಮಾಧ್ಯಕ್ಷರು 1990ರಲ್ಲಿ ಇಂಡೊನೇಷ್ಯಾದ ಬಾಂಡುಂಗ್‌ನಲ್ಲಿ ಸೇರಿ ಇದೇ ದಾರಿ ಹಿಡಿದರು. ಅದಕ್ಕೆ ಮೊದಲೇ, 1980ರ ದಶಕದಲ್ಲಿ, ಮುಂಬಯಿಯಲ್ಲಿ ಬಾಸ್ಕೊ ಪೆನ್ಹಾ ಅವರ ಮುಂದಾಳತ್ವದಲ್ಲಿ ಈ ಕೆಲಸ ಆರಂಭವಾಗಿತ್ತು. ನಮ್ಮ ಕರಾವಳಿಗೆ ಇದು ಪೂರಾ ಹೊಸತಲ್ಲ. ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರಲ್ಲಿ ‘ವಾಡೊ’ ಎಂಬ ನೆರೆಹೊರೆಯ ಘಟಕವೂ ಅದರ ಮುಖ್ಯಸ್ಥನಾದ ‘ಗುರ್ಕಾರ’ನೂ ಹಳೆಯ ಕಾಲದಿಂದ ಬಂದವರು. ಗುರ್ಕಾರನೊಬ್ಬನ ಮೇಲಿದ್ದ ಹೊಣೆಯನ್ನು ಎಲ್ಲ ಮನೆಗಳಿಗೂ ಹಂಚಿದ್ದು ಹೊಸ ಪದ್ಧತಿಯ ವಿಶೇಷ.

ಎಲ್ಲೆಡೆ ಇದು ಯಶಸ್ವಿಯಾಯಿತೆನ್ನಲಾಗದು. ಗಂಡಸರು ಮತ್ತು ಯುವಕರು ಬರುವುದಿಲ್ಲ, ಪಟ್ಟಣಗಳಲ್ಲಿ ಬಿಡುವಿಲ್ಲ ಎಂಬ ದೂರು ಹಲವು ದೇಶಗಳಲ್ಲಿ ಕೇಳಿಬಂದಿದೆ. ಬರಿಯ ಪ್ರಾರ್ಥನೆಯಲ್ಲಿ ಮುಗಿಯುವ ಕೂಟಕ್ಕೆ ಜನ ಕ್ರಮೇಣ ಕಡಿಮೆಯಾಗುವುದು ಸಹಜ. ರೋಗಿಯನ್ನು ನೋಡಿಬರುವುದು, ಹೊಸದಾಗಿ ಬಂದ ಸಂಸಾರವನ್ನು ವಿಚಾರಿಸುವುದು, ಸಾವಿನ ಮನೆಗೆ ಊಟ ಒಯ್ಯುವುದು, ಹೀಗೆ ಒಬ್ಬೊಬ್ಬರಿಗೂ ಒಂದು ಕೆಲಸ ಸಿಕ್ಕಾಗ ಅವರು ತಾವಾಗಿಯೇ ಮತ್ತೆ ಬರುತ್ತಾರೆ. ಕರೆಯುವುದಕ್ಕಿಂತ ಹೊಣೆ ಕೊಡುವುದು ದೊಡ್ಡ ಆಮಂತ್ರಣ.

ವಾರ್ಷಿಕೋತ್ಸವದ ಈ ಸಂದರ್ಭದಲ್ಲಿ ನಮ್ಮ ಕನ್ನಡ ಸಂಘಕ್ಕೂ ಈ ಇತಿಹಾಸದಲ್ಲಿ ಒಂದು ಪಾಠವಿದೆ. ಯುಗಾದಿ, ರಾಜ್ಯೋತ್ಸವಗಳಿಗೆ ಸಭಾಂಗಣ ತುಂಬಲಿ. ಜೊತೆಗೆ ಪ್ರತಿ ಬಡಾವಣೆಯಲ್ಲೂ ಹತ್ತು ಮನೆಗಳು, ಅವರವರ ಮತಧರ್ಮ ಯಾವುದೇ ಇರಲಿ, ಒಬ್ಬರನ್ನೊಬ್ಬರು ಹೆಸರು ಹಿಡಿದು ವಿಚಾರಿಸುವಂತಾಗಲಿ. ಸಭಾಂಗಣದಲ್ಲಿ ಖಾಲಿ ಕುರ್ಚಿ ಯಾರದೆಂದು ಗೊತ್ತಾಗದು. ಹತ್ತು ಮನೆಗಳ ಕೂಟದಲ್ಲಿ ಖಂಡಿತ ಗೊತ್ತಾಗುತ್ತದೆ.