ಮುಚ್ಚಿದ ಬಾಗಿಲು, ತೆರೆದ ಬಾಗಿಲು

ನಾಟ್ಯಕಲೆಯನ್ನು ಸರ್ಕಾರ ಕಾಪಾಡಿತೆಂದು ಯಾರಾದರೂ ಹೊಗಳಿದಾಗ ನನಗೆ ಮೈಸೂರಿನ ಸಂಗತಿ ನೆನಪಾಗುತ್ತದೆ. 1909ರಲ್ಲಿ ಮುಜರಾಯಿ ದೇವಸ್ಥಾನಗಳ ದೇವದಾಸಿ ಸೇವೆಯನ್ನು ನಿಲ್ಲಿಸಿದ್ದೂ ಸರ್ಕಾರವೇ. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿ ತೊಲಗಲೇಬೇಕಿತ್ತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರೊಡನೆ ನಾಟ್ಯದ ಹಳೆಯ ನೆಲೆಯೊಂದೂ ಹೋಯಿತು. ಉಳಿದದ್ದು ಅರಮನೆ, ಜಟ್ಟಿ ತಾಯಮ್ಮನವರಂಥ ಗುರುಗಳು.

ಕಡೂರಿನ ಕಡೆಯ ತಾಂಡವೊಂದರಲ್ಲಿ ಹುಟ್ಟಿದ ಲಂಬಾಣಿ ಹುಡುಗಿ ವೆಂಕಟಲಕ್ಷಮ್ಮ ಎಂಟನೆಯ ವಯಸ್ಸಿನಲ್ಲೇ ತಾಯಮ್ಮನವರ ಶಿಷ್ಯೆಯಾದರು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ವಿದುಷಿಯಾದರು. 1964ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ನೃತ್ಯವಿಭಾಗ ತೆರೆದು ಅವರನ್ನೇ ರೀಡರಾಗಿ ಕರೆಯಿತು. ಆಗ ಅವರಿಗೆ ಅರುವತ್ತರ ಅಂಚು, ಉಳಿದವರು ಪಿಂಚಣಿ ಎಣಿಸುವ ವಯಸ್ಸು! ತಾಯಮ್ಮನವರ ಅಭಿನಯ ಪಾಠದ ಕೊಠಡಿಗೆ ಬಂದದ್ದು ಹೀಗೆ, ಆ ಆಜ್ಞೆಯಾಗಿ ಐವತ್ತಾರು ವರ್ಷಗಳ ಮೇಲೆ.