ಮನಿಲಾದ ಮಂಜೂರಾತಿ, ಮರವಂತೆಯ ದಂಡೆ: ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಬಜೆಟ್ ಮಾತುಕತೆ ಮತ್ತು ಉಸ್ತುವಾರಿ ಕುರಿತು

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಗೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಹಣ ಮೂರು ದಾರಿಯಲ್ಲಿ ಬಂದಿದೆ. ಮೊದಲನೆಯದು 1999ರಲ್ಲಿ ಮಂಜೂರಾದ ಕರ್ನಾಟಕ ನಗರಾಭಿವೃದ್ಧಿ ಮತ್ತು ಕರಾವಳಿ ಪರಿಸರ ನಿರ್ವಹಣಾ ಯೋಜನೆ, ಜನರ ಬಾಯಲ್ಲಿ ಕುಡ್ಸೆಂಪ್. ಅದರ 17.5 ಕೋಟಿ ಡಾಲರ್ ಸಾಲವನ್ನು ಹಂಚಿಕೊಂಡ ಹತ್ತು ಪಟ್ಟಣಗಳಲ್ಲಿ ಕುಂದಾಪುರವೂ ಒಂದು. ಎರಡನೆಯದು ಕಡಲ್ಕೊರೆತ ತಡೆಗೆಂದು 2010ರಲ್ಲಿ ಒಪ್ಪಿಗೆ ಪಡೆದ 25 ಕೋಟಿ ಡಾಲರಿನ ಕಾರ್ಯಕ್ರಮ. ಬೈಂದೂರು ತಾಲೂಕಿನ ಮರವಂತೆ, ಬ್ರಹ್ಮಾವರ ತಾಲೂಕಿನ ಕೋಡಿಬೆಂಗ್ರೆ ಅದರ ವ್ಯಾಪ್ತಿಗೆ ಬಂದವು. ಮೂರನೆಯದು 2018ರಲ್ಲಿ ಸಹಿಯಾದ 7.5 ಕೋಟಿ ಡಾಲರಿನ ಕಂತು. ಮಂಗಳೂರು, ಉಡುಪಿ, ಪುತ್ತೂರುಗಳ ಜೊತೆ ಕುಂದಾಪುರಕ್ಕೂ ಕುಡಿಯುವ ನೀರಿನ ಹೊಸ ಜಾಲ ಹಾಕಿದ್ದು ಈ ಕಂತಿನಿಂದ. ಇಲ್ಲಿ ಅದಕ್ಕೆ ಜಲಸಿರಿ ಎಂದು ಹೆಸರು.

ಈ ಮೂರರ ಕಾಮಗಾರಿ ಚೆನ್ನಾಗಿತ್ತೇ ಕಳಪೆಯೇ ಎಂಬುದು ಈ ಲೇಖನದ ಪ್ರಶ್ನೆಯಲ್ಲ. ಮನಿಲಾದ ಆಡಳಿತ ಮಂಡಳಿ, ದೆಹಲಿಯ ಹಣಕಾಸು ಸಚಿವಾಲಯ, ಬೆಂಗಳೂರಿನ ಇಲಾಖೆ ಸೇರಿ ಚೌಕಾಸಿ ಮಾಡಿ ನಿಗದಿಪಡಿಸುವ ಹಣದ ಮೇಲೆ ಯಾರ ಕಣ್ಣು ಎಲ್ಲಿಯವರೆಗೆ ಇರುತ್ತದೆ ಎಂಬುದು ನಮ್ಮ ಪ್ರಶ್ನೆ. ಟೆಂಡರು ಕರೆಯುವಾಗ, ಬಿಲ್ಲು ಪಾವತಿಸುವಾಗ ಕಾವಲು ಅತಿ ಬಿಗಿಯಾಗಿರುತ್ತದೆ. ಕಟ್ಟಿದ್ದರ ಜೊತೆ ಜನ ಬಾಳಬೇಕಾದ ಕಾಲದಲ್ಲಿ ಅದೇ ಕಾವಲು ಬಹುಮಟ್ಟಿಗೆ ಇಲ್ಲವಾಗುತ್ತದೆ. ಇದು ಯಾರೋ ಒಬ್ಬ ಅಧಿಕಾರಿಯ ನಿರ್ಲಕ್ಷ್ಯದಿಂದ ಆದದ್ದಲ್ಲ. ಬಜೆಟ್ ಮಾತುಕತೆಯ ರಚನೆಯೇ ಹಾಗಿದೆ ಎಂಬುದು ಇಲ್ಲಿನ ವಾದ.

ಖರ್ಚು ಯಾರದು, ಮತ ಯಾರದು

ಅಂತರರಾಷ್ಟ್ರೀಯ ಸಂಸ್ಥೆಯ ಬಜೆಟ್ ಎಂದಾಗ ವಿಶ್ವಸಂಸ್ಥೆ ನೆನಪಾಗುವುದು ಸಹಜ. ಅಲ್ಲಿ ಖರ್ಚು ಸದಸ್ಯ ದೇಶಗಳ ವಂತಿಗೆಯಿಂದ ನಡೆಯುತ್ತದೆ. 2022ರಿಂದ 2024ರವರೆಗೆ ನಿಯತ ಬಜೆಟ್ಟಿಗೆ ಭಾರತದ ಪಾಲು ಶೇ. 1.044. ಪ್ರತಿ ವರ್ಷ ಸಾಮಾನ್ಯ ಸಭೆಯ ಐದನೇ ಸಮಿತಿಯಲ್ಲಿ ಒಂದೊಂದು ಹುದ್ದೆಗೂ ಜಗ್ಗಾಟ ನಡೆಯುತ್ತದೆ. ಹೆಚ್ಚು ಕೊಡುವ ದೇಶಗಳಿಗೂ ಹೆಚ್ಚು ಮತವಿರುವ ದೇಶಗಳಿಗೂ ನಡುವಿನ ಬಿಕ್ಕಟ್ಟು ತೀವ್ರವಾದಾಗ, 1986ರ 41/213 ಸಂಖ್ಯೆಯ ನಿರ್ಣಯ ಒಮ್ಮತದಿಂದ ಬಜೆಟ್ ಅಂಗೀಕರಿಸುವ ರೂಢಿಯನ್ನು ತಂದಿತು.

ಅಭಿವೃದ್ಧಿ ಬ್ಯಾಂಕಿನ ಗಣಿತ ಬೇರೆ. 1966ರಲ್ಲಿ ಮನಿಲಾದಲ್ಲಿ ಆರಂಭವಾದ ಈ ಸಂಸ್ಥೆಗೆ ಭಾರತ ಸ್ಥಾಪಕ ಸದಸ್ಯ. ಆದರೂ ಸಾಲ ಪಡೆಯತೊಡಗಿದ್ದು 1986ರಿಂದ. 2009ರಲ್ಲಿ ಬ್ಯಾಂಕಿನ ಬಂಡವಾಳವನ್ನು ಸುಮಾರು 5,500 ಕೋಟಿ ಡಾಲರಿನಿಂದ 16,500 ಕೋಟಿಗೆ ಏರಿಸಲಾಯಿತು. ಹೀಗೆ ಏರಿದ್ದರಲ್ಲಿ ಸದಸ್ಯ ದೇಶಗಳು ನಗದಾಗಿ ಕಟ್ಟಬೇಕಾದದ್ದು ಶೇ. 4 ಮಾತ್ರ, ಉಳಿದದ್ದು ಬೇಕಾದಾಗ ಕೊಡುತ್ತೇವೆಂಬ ಭರವಸೆ. ಆ ಭರವಸೆಯ ಬಲದ ಮೇಲೆ ಬ್ಯಾಂಕು ಮಾರುಕಟ್ಟೆಯಲ್ಲಿ ಸಾಲಪತ್ರ ಮಾರಿ, ಬಂದ ಹಣವನ್ನು ಸ್ವಲ್ಪ ಹೆಚ್ಚಿನ ದರಕ್ಕೆ ನಮ್ಮಂಥವರಿಗೆ ಕೊಡುತ್ತದೆ. ಮನಿಲಾ ಕಚೇರಿಯ ಸಂಬಳ, ಪ್ರವಾಸ, ತಜ್ಞರ ಶುಲ್ಕಗಳಿಗೆ ಮುಖ್ಯ ಆಧಾರ ಬ್ಯಾಂಕಿನ ಸ್ವಂತ ಆದಾಯ, ಎಂದರೆ ಸಾಲಗಾರ ದೇಶಗಳ ಬಡ್ಡಿ ಮತ್ತು ಹೂಡಿಕೆಯ ಗಳಿಕೆ. ಮೇಲ್ವಿಚಾರಣೆಯ ವೆಚ್ಚವನ್ನು ಕೊನೆಗೆ ಹೊರುವವರಲ್ಲಿ ನಾವೂ ಇದ್ದೇವೆ.

ಮತದ ತೂಕ ಮಾತ್ರ ಬಹುಮಟ್ಟಿಗೆ ಬಂಡವಾಳದ ಪ್ರಕಾರ. ಜಪಾನ್ ಮತ್ತು ಅಮೆರಿಕದ ಬಂಡವಾಳ ತಲಾ ಶೇ. 15ಕ್ಕೂ ಹೆಚ್ಚು, ಭಾರತದ್ದು ಶೇ. 6ರ ಆಸುಪಾಸು. ನಿರ್ದೇಶಕರು 12 ಮಂದಿ. ಅವರಲ್ಲಿ 8 ಮಂದಿಯನ್ನು ಏಷ್ಯಾ ಮತ್ತು ಪೆಸಿಫಿಕ್ ವಲಯದ ದೇಶಗಳು, 4 ಮಂದಿಯನ್ನು ಹೊರಗಿನ ದೇಶಗಳು ಆರಿಸುತ್ತವೆ. ಅಧ್ಯಕ್ಷರಾದವರೆಲ್ಲ ಇದುವರೆಗೆ ಜಪಾನಿನವರೇ. ಮಂಡಳಿಯ ಅಡಿಯಲ್ಲಿ ಬಜೆಟ್ ಪರಿಶೀಲನಾ ಸಮಿತಿ, ಲೆಕ್ಕ ಪರಿಶೋಧನಾ ಸಮಿತಿ, ಅಭಿವೃದ್ಧಿ ಪರಿಣಾಮ ಸಮಿತಿ, ಅನುಸರಣಾ ಸಮಿತಿಗಳಿವೆ. ಮುಂದಿನ ವರ್ಷದ ಆಡಳಿತ ವೆಚ್ಚಕ್ಕೆ ಮಂಡಳಿ ವರ್ಷಾಂತ್ಯದಲ್ಲಿ ಒಪ್ಪಿಗೆ ಕೊಡುತ್ತದೆ. ಹೊಸ ಸಾಲಗಳನ್ನು ತಯಾರಿಸುವ ಸಿಬ್ಬಂದಿಗೆ ಎಷ್ಟು, ನಡೆಯುತ್ತಿರುವ ಸಾಲಗಳನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಎಷ್ಟು ಎಂಬುದು ನಿರ್ಧಾರವಾಗುವುದೂ ಈ ಬಜೆಟ್ಟಿನಲ್ಲೇ. ಮರವಂತೆಯ ದಂಡೆಗೆ ಬ್ಯಾಂಕಿನ ತಂಡ ವರ್ಷಕ್ಕೆ ಎಷ್ಟು ಸಲ ಬಂದು ನಿಲ್ಲಬಹುದು ಎಂಬುದಕ್ಕೆ ಮಿತಿ ಬೀಳುವುದು ಇಲ್ಲಿ. ಹೊಸ ಮಂಜೂರಾತಿ ಎಣಿಕೆಗೆ ಸಿಗುತ್ತದೆ, ವಾರ್ಷಿಕ ವರದಿಯ ಮೊದಲ ಪುಟಗಳಲ್ಲಿ ಕಾಣುತ್ತದೆ. ಹಳೆಯ ಸಾಲದ ಕಾವಲು ಹಾಗೆ ಕಾಣುವಂಥದ್ದಲ್ಲ. ಹೀಗಾಗಿ ಬಜೆಟ್ಟು ಬಿಗಿಯಾದಾಗ ಮೊದಲು ಸೊರಗುವುದು ಕಾವಲೇ ಎಂಬುದು ನನ್ನ ಗ್ರಹಿಕೆ.

ಒಮ್ಮೆ ಒಪ್ಪಿಗೆ, ಹಲವು ಕಂತು

ಕಡಲ್ಕೊರೆತದ ಸಾಲ ಕೊಟ್ಟ ಬಗೆಯನ್ನು ವಿವರವಾಗಿ ನೋಡಬೇಕು. ಅದು ಒಂದೇ ಸಾಲವಲ್ಲ, ಬಹುಕಂತಿನ ಸೌಲಭ್ಯ. ಬ್ಯಾಂಕು ಈ ಪದ್ಧತಿಯನ್ನು 2005ರಲ್ಲಿ ಪ್ರಯೋಗವಾಗಿ ಆರಂಭಿಸಿ 2008ರಲ್ಲಿ ಖಾಯಂ ಮಾಡಿತು. ಇದರಲ್ಲಿ ನಿರ್ದೇಶಕ ಮಂಡಳಿ ಒಟ್ಟು ಮೊತ್ತಕ್ಕೆ ಒಮ್ಮೆ ಒಪ್ಪಿಗೆ ಕೊಡುತ್ತದೆ. ಆಮೇಲಿನ ಒಂದೊಂದು ಕಂತಿಗೂ ಸರ್ಕಾರ ಬೇಡಿಕೆ ಸಲ್ಲಿಸಿದರೆ ಅದನ್ನು ಮಂಜೂರು ಮಾಡುವ ಅಧಿಕಾರ ಬ್ಯಾಂಕಿನ ಅಧ್ಯಕ್ಷರದು. ಮಂಡಳಿಗೆ ತಿಳಿಸಿದರೆ ಸಾಕು. 2010ರ ಮೊದಲ ಕಂತು ಮುಖ್ಯವಾಗಿ ಉಳ್ಳಾಲದ ಕಡೆಗೆ ಹೋಯಿತು. ಕರ್ನಾಟಕದ ಉಳಿದ ದಂಡೆಗಳಿಗಾಗಿ 6.55 ಕೋಟಿ ಡಾಲರಿನ ಎರಡನೇ ಕಂತಿಗೆ ಸಹಿ ಬಿದ್ದದ್ದು 2017ರಲ್ಲಿ.

ಹಾಗೆಂದರೆ ಹನ್ನೆರಡು ಮಂದಿ ನಿರ್ದೇಶಕರು ಕೂತು ಚರ್ಚಿಸಿದ್ದು ಕರಾವಳಿ ರಕ್ಷಣೆಯ ಒಂದು ಚೌಕಟ್ಟನ್ನು. ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಕಡಲು, ನಡುವಿನ ಕಿರಿದಾದ ಪಟ್ಟಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಇರುವ ಮರವಂತೆ ಅವರ ಮುಂದೆ ತಾನೇ ಒಂದು ವಿಷಯವಾಗಿ ಬರಲೇಬೇಕೆಂದಿರಲಿಲ್ಲ. ಸುವರ್ಣಾ, ಸೀತಾ ನದಿಗಳು ಕಡಲು ಸೇರುವ ಅಳಿವೆಬಾಗಿಲ ಕೋಡಿಬೆಂಗ್ರೆಯೂ ಹಾಗೆಯೇ. ಏಳು ವರ್ಷಗಳಲ್ಲಿ ದಂಡೆಯ ಸ್ವರೂಪ ಬದಲಾಗುತ್ತದೆ, ದರಪಟ್ಟಿ ಬದಲಾಗುತ್ತದೆ, ಸರ್ಕಾರ ಬದಲಾಗುತ್ತದೆ. ಇಲ್ಲಂತೂ ಮರುವರ್ಷ ತಾಲೂಕೇ ಬದಲಾಯಿತು: 2018ರಲ್ಲಿ ಬೈಂದೂರು, ಬ್ರಹ್ಮಾವರಗಳು ಪ್ರತ್ಯೇಕ ತಾಲೂಕುಗಳಾದವು. ಬಹುಕಂತಿನ ಪದ್ಧತಿಗೆ ಒಂದು ಸಮರ್ಥನೆ ಇದೆ. ಪೂರ್ತಿ ಮೊತ್ತವನ್ನು ಒಂದೇ ಸಲ ಸಾಲವಾಗಿ ಬರೆಸಿಕೊಂಡರೆ ಎತ್ತಿಕೊಳ್ಳದ ಹಣಕ್ಕೂ ವರ್ಷಕ್ಕೆ ಶೇ. 0.15ರ ಬದ್ಧತಾ ಶುಲ್ಕ ಕಟ್ಟಬೇಕು. ಕಂತಾಗಿ ಪಡೆದರೆ ಅದು ಉಳಿಯುತ್ತದೆ. ಈ ಉಳಿತಾಯ ನಿಜ. ಆದರೆ ಪ್ರತಿನಿಧಿಗಳ ಮಂಡಳಿಯ ಕಣ್ಣು ಎರಡನೇ ಬಾರಿ ಬೀಳುವ ಸಂದರ್ಭವೂ ಅದರ ಜೊತೆ ಹೋಯಿತು.

ದೆಹಲಿ, ಬೆಂಗಳೂರು, ಪುರಸಭೆ

ಸಂವಿಧಾನದ 293ನೇ ವಿಧಿಯ ಪ್ರಕಾರ ರಾಜ್ಯ ದೇಶದ ಒಳಗಷ್ಟೇ ಸಾಲ ಎತ್ತಬಹುದು. ಆದ್ದರಿಂದ ಎಡಿಬಿಯ ಸಾಲಗಾರ ಭಾರತ ಸರ್ಕಾರ. ಕರ್ನಾಟಕ ಯೋಜನಾ ಒಪ್ಪಂದಕ್ಕೆ ಸಹಿ ಹಾಕುವ ಅನುಷ್ಠಾನಗಾರ. ಕುಡ್ಸೆಂಪ್ ಕಾಲದಲ್ಲಿ ವಿದೇಶಿ ಸಾಲವನ್ನು ಕೇಂದ್ರ ರಾಜ್ಯಕ್ಕೆ ಶೇ. 70 ಸಾಲ, ಶೇ. 30 ಅನುದಾನವಾಗಿ ರೂಪಾಯಿಯಲ್ಲಿ ದಾಟಿಸುತ್ತಿತ್ತು. ಡಾಲರು ಏರಿದರೆ ಹೊರೆ ಕೇಂದ್ರದ ಮೇಲೆ. ಹನ್ನೆರಡನೇ ಹಣಕಾಸು ಆಯೋಗದ ಶಿಫಾರಸಿನ ನಂತರ ಬ್ಯಾಂಕು ಕೊಟ್ಟ ಷರತ್ತುಗಳಲ್ಲೇ ಸಾಲ ರಾಜ್ಯದ ತಲೆಗೆ ಬರುತ್ತದೆ, ವಿನಿಮಯ ದರದ ಅಪಾಯವೂ ಸೇರಿ. ಕಡಲ್ಕೊರೆತದ ಸಾಲ ಈ ಎರಡನೇ ಕಾಲದ್ದು.

ಹಣ ಎತ್ತುವ ಅರ್ಜಿಗಳು ಕೇಂದ್ರ ಹಣಕಾಸು ಸಚಿವಾಲಯದ ನೆರವು ಲೆಕ್ಕ ಮತ್ತು ಪರಿಶೋಧನಾ ನಿಯಂತ್ರಕರ ಕಚೇರಿಯ ಮೂಲಕ ಹೋಗುತ್ತವೆ. ಯೋಜನೆಯ ಲೆಕ್ಕವನ್ನು ವರ್ಷವರ್ಷ ಮಹಾಲೇಖಪಾಲರ ಕಚೇರಿ ಪರಿಶೀಲಿಸಿ ಪ್ರಮಾಣಪತ್ರ ಕೊಡುತ್ತದೆ, ಅದು ಮನಿಲಾಕ್ಕೆ ತಲುಪುತ್ತದೆ. ಈ ವ್ಯವಸ್ಥೆಯ ತುದಿಯಲ್ಲಿರುವ ಭಾರತದ ಮಹಾಲೆಕ್ಕ ಪರಿಶೋಧಕರು ಸಣ್ಣ ಸಂಸ್ಥೆಯಲ್ಲ. 1993ರಿಂದ 1999ರವರೆಗೆ, ಮತ್ತೆ 2014ರಿಂದ 2020ರವರೆಗೆ ವಿಶ್ವಸಂಸ್ಥೆಯ ಲೆಕ್ಕ ಪರಿಶೋಧಕರ ಮಂಡಳಿಯಲ್ಲಿ ಕೂತವರು ಅವರು. ನ್ಯೂಯಾರ್ಕಿನ ಲೆಕ್ಕಪುಸ್ತಕ ತೆರೆಸಬಲ್ಲ ಸಂಸ್ಥೆಗೆ ಮನಿಲಾದ ಪುಸ್ತಕ ತೆರೆಸುವ ಅಧಿಕಾರ ಮಾತ್ರ ಇಲ್ಲ. ಅವರು ನೋಡಬಹುದಾದದ್ದು ಕರ್ನಾಟಕ ಸರ್ಕಾರ ಹೇಗೆ ಖರ್ಚು ಮಾಡಿತು ಎಂಬುದನ್ನು. ಬ್ಯಾಂಕಿನ ತಜ್ಞರು ವಿನ್ಯಾಸದಲ್ಲಿ ಏನು ಸಲಹೆ ಕೊಟ್ಟರು, ಮೇಲ್ವಿಚಾರಣೆಗೆ ಎಷ್ಟು ಹಣ ಇಟ್ಟರು ಎಂಬುದು ಅವರ ಕೈಗೆ ಸಿಗುವುದಿಲ್ಲ. ಬ್ಯಾಂಕಿಗೆ ಈ ರಕ್ಷಣೆಯನ್ನು ಸಂಸತ್ತೇ 1966ರ ಏಷ್ಯಾ ಅಭಿವೃದ್ಧಿ ಬ್ಯಾಂಕ್ ಕಾಯಿದೆಯಲ್ಲಿ ಕೊಟ್ಟಿದೆ.

ಇಷ್ಟು ದೊಡ್ಡ ಸರಣಿಯಲ್ಲಿ ಕುಂದಾಪುರ ಪುರಸಭೆಯ ಜಾಗ ಯಾವುದು? ನೀರು ಪೂರೈಕೆ 74ನೇ ತಿದ್ದುಪಡಿಯ ಪ್ರಕಾರ ನಗರ ಸಂಸ್ಥೆಗಳಿಗೆ ವಹಿಸಬಹುದಾದ ವಿಷಯ. ಜಪ್ತಿಯಿಂದ ಬರುವ ವಾರಾಹಿಯ ನೀರಿಗೆ ಕರ ಎತ್ತುವುದು, ಪೈಪು ಒಡೆದರೆ ಬೈಸಿಕೊಳ್ಳುವುದು ಪುರಸಭೆಯೇ. ಸಾಲದ ಮಾತುಕತೆಯ ಮೇಜಿನಲ್ಲಿ ಅದಕ್ಕೆ ಕುರ್ಚಿ ಇಲ್ಲ. ಅದರ ಪರವಾಗಿ ಮಾತಾಡುವುದು ರಾಜ್ಯದ ನಗರ ಮೂಲಸೌಕರ್ಯ ಹಣಕಾಸು ನಿಗಮ. ಗ್ರಾಮ ಪಂಚಾಯತಿಗಳ ಸ್ಥಿತಿ ಇನ್ನೂ ದೂರದ್ದು. ಮರವಂತೆಯ ಕಾಮಗಾರಿ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯದು. ವರ್ಷಕ್ಕೊಮ್ಮೆ ಪಂಚಾಯತಿಯಲ್ಲಿ ನಡೆಯುವ ಜಮಾಬಂದಿಯಲ್ಲಿ ಊರ ಕಾಲುಸಂಕದ ಬಿಲ್ಲಿನ ಬಗ್ಗೆ ಯಾರೂ ಎದ್ದು ನಿಂತು ಕೇಳಬಹುದು, ಅಧಿಕಾರಿ ಕಡತ ತೆರೆದು ಉತ್ತರ ಕೊಡಬೇಕು. ಅದೇ ಊರಿನ ದಂಡೆಗೆ ಬಿದ್ದ ಎಡಿಬಿ ಕಲ್ಲಿನ ಲೆಕ್ಕ ಆ ಕಡತದಲ್ಲಿರುವುದಿಲ್ಲ, ಏಕೆಂದರೆ ಆ ಹಣ ಪಂಚಾಯತಿಯದಲ್ಲ. ಕಡಲ ತಡಿಯ ಖಾರ್ವಿ, ಮೊಗವೀರ ಕುಟುಂಬಗಳಿಗೆ ನಾಡದೋಣಿ ಎಳೆಯಲು ಮರಳು ಉಳಿದಿದೆಯೇ ಎಂಬುದು ಯಾವ ಕಾಲುಸಂಕಕ್ಕಿಂತಲೂ ದೊಡ್ಡ ವಿಷಯ. ಕೇಳುವ ಹಕ್ಕು ಸಣ್ಣದಕ್ಕೆ ಮಾತ್ರ ಉಳಿದಿರುವುದು ನನಗೆ ಬಹಳ ಅನ್ಯಾಯವಾಗಿ ಕಾಣುತ್ತದೆ.

ದೂರಿನ ಬಾಗಿಲು ಮತ್ತು ಅದರ ಗಡುವು

ಅಂತರರಾಷ್ಟ್ರೀಯ ಬ್ಯಾಂಕುಗಳಲ್ಲಿ ಜನರ ದೂರಿಗೆ ಬಾಗಿಲು ತೆರೆದದ್ದರ ಹಿಂದೆ ಭಾರತದ ನದಿಯೊಂದಿದೆ. ಸರ್ದಾರ್ ಸರೋವರ ಅಣೆಕಟ್ಟಿನ ವಿರುದ್ಧ ನರ್ಮದೆಯ ಜನ ನಡೆಸಿದ ಹೋರಾಟ, ಅದಕ್ಕೆ ಸಾಲ ಕೊಟ್ಟಿದ್ದ ವಿಶ್ವಬ್ಯಾಂಕು ನೇಮಿಸಿದ ಮೋರ್ಸ್ ಆಯೋಗದ 1992ರ ವರದಿ, ಆಮೇಲೆ 1993ರಲ್ಲಿ ವಿಶ್ವಬ್ಯಾಂಕಿನ ತಪಾಸಣಾ ಮಂಡಳಿ. ಎಡಿಬಿ 1995ರಲ್ಲಿ ಅದೇ ಹಾದಿ ಹಿಡಿಯಿತು. 2003ರಲ್ಲಿ ಉತ್ತರದಾಯಿತ್ವ ವ್ಯವಸ್ಥೆಯನ್ನು ರೂಪಿಸಿ 2012ರಲ್ಲಿ ಪರಿಷ್ಕರಿಸಿತು. ತೊಂದರೆಗೊಳಗಾದ ಇಬ್ಬರು ಅಥವಾ ಹೆಚ್ಚು ಜನ ದೂರು ಕೊಡಬಹುದು. ಮೊದಲು ಬ್ಯಾಂಕಿನ ಯೋಜನಾ ವಿಭಾಗದ ಜೊತೆ ಪ್ರಾಮಾಣಿಕವಾಗಿ ಮಾತಾಡಿ ನೋಡಿರಬೇಕು. ಮತ್ತೊಂದು ಷರತ್ತು: ಸಾಲ ಮುಕ್ತಾಯವಾಗಿ ಎರಡು ವರ್ಷ ಕಳೆದ ಮೇಲೆ ದೂರು ಸ್ವೀಕಾರವಾಗುವುದಿಲ್ಲ. ವಿಶ್ವಬ್ಯಾಂಕಿನಲ್ಲಿ ಈ ಗಡುವು 2020ರ ಸುಧಾರಣೆಯ ನಂತರ ಹದಿನೈದು ತಿಂಗಳು.

ರಸ್ತೆಗೆ, ಶಾಲಾ ಕಟ್ಟಡಕ್ಕೆ ಎರಡು ವರ್ಷ ಸಾಕಾಗಬಹುದು. ಕಡಲಿಗೆ ಸಾಲದು. ಗ್ರೋಯ್ನ್, ಎಂದರೆ ಕಡಲೊಳಕ್ಕೆ ಚಾಚಿದ ಅಡ್ಡಗೋಡೆ, ದಂಡೆಯುದ್ದಕ್ಕೂ ಸಾಗುವ ಮರಳನ್ನು ಒಂದು ಪಕ್ಕದಲ್ಲಿ ತಡೆದು ನಿಲ್ಲಿಸುತ್ತದೆ. ತಡೆದ ಮರಳು ಮುಂದಿನ ದಂಡೆಗೆ ಸಿಗದೆ ಅಲ್ಲಿ ಕೊರೆತ ಹೆಚ್ಚಬಹುದು. ಇದು ಒಂದು ಮಳೆಗಾಲದಲ್ಲಿ ತಿಳಿಯುವ ಸಂಗತಿಯಲ್ಲ. ಮರಳಿನ ಹರಿವು ಋತುವಿನೊಂದಿಗೆ ದಿಕ್ಕು ಬದಲಿಸುವ ನಮ್ಮ ತೀರದಲ್ಲಿ ಹಲವು ಮಳೆಗಾಲಗಳ ಅಳತೆ ಬೇಕು. ಪರಿಣಾಮ ಸ್ಪಷ್ಟವಾಗುವ ಹೊತ್ತಿಗೆ ದೂರಿನ ಬಾಗಿಲು ಮುಚ್ಚಿರುತ್ತದೆ, ಯೋಜನಾ ಘಟಕ ವಿಸರ್ಜನೆಯಾಗಿರುತ್ತದೆ, ಕಲ್ಲು ಜಾರಿದರೆ ಎತ್ತಿಕಟ್ಟುವ ಹಣ ರಾಜ್ಯ ಬಜೆಟ್ಟಿನ ಸಾಮಾನ್ಯ ತಲೆಬರಹದಡಿ ಇತರ ಬೇಡಿಕೆಗಳ ಜೊತೆ ಸ್ಪರ್ಧಿಸುತ್ತಿರುತ್ತದೆ.

ಬಾಗಿಲು ತೆರೆದಿದ್ದಾಗಲೂ ಫಲ ಖಚಿತವಲ್ಲ ಎಂಬುದನ್ನು ಗುಜರಾತಿನ ಮುಂದ್ರಾದ ಮೀನುಗಾರರ ಪ್ರಕರಣ ತೋರಿಸಿತು. ಅಲ್ಲಿನ ಉಷ್ಣ ವಿದ್ಯುತ್ ಸ್ಥಾವರಕ್ಕೆ ವಿಶ್ವಬ್ಯಾಂಕ್ ಸಮೂಹದ ಅಂತರರಾಷ್ಟ್ರೀಯ ಹಣಕಾಸು ನಿಗಮದ ಜೊತೆ ಎಡಿಬಿಯೂ ಸಾಲ ಕೊಟ್ಟಿತ್ತು. ಬ್ಯಾಂಕು ತನ್ನ ನೀತಿಗಳನ್ನು ಪಾಲಿಸಿಲ್ಲವೆಂದು ಎಡಿಬಿಯ ಅನುಸರಣಾ ಪರಿಶೀಲನಾ ತಂಡವೇ 2015ರಲ್ಲಿ ಹೇಳಿತು. ನಿಗಮದ ವಿರುದ್ಧ ಮೀನುಗಾರರು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋದರು. ಇಂಥ ಸಂಸ್ಥೆಗಳಿಗೆ ಸಂಪೂರ್ಣ ವಿನಾಯಿತಿ ಇಲ್ಲವೆಂದು 2019ರ ಫೆಬ್ರವರಿಯಲ್ಲಿ ತೀರ್ಪು ಬಂತು. ಆದರೂ ಕೆಳ ನ್ಯಾಯಾಲಯ ಮರುವರ್ಷವೇ ಬೇರೆ ಕಾರಣಕ್ಕೆ ಮೊಕದ್ದಮೆಯನ್ನು ವಜಾ ಮಾಡಿತು.

ಮುಂದಿನ ಸಾಲದ ಹೊತ್ತಿಗೆ

ವಿಶ್ವಬ್ಯಾಂಕಿನ ನೆರವಿನ ಕೆ-ಶೋರ್ ಯೋಜನೆ ಈಗ ಇದೇ ಕರಾವಳಿಗೆ ಬರುತ್ತಿರುವುದರಿಂದ ಈ ಪ್ರಶ್ನೆಗಳು ಹಳೆಯ ಕಡತದವಲ್ಲ. ಮೂರು ಬದಲಾವಣೆಗಳನ್ನು ಇಲ್ಲಿ ಕೇಳಬಹುದು, ಮೂರಕ್ಕೂ ಅಂತರರಾಷ್ಟ್ರೀಯ ಒಪ್ಪಂದದ ತಿದ್ದುಪಡಿ ಬೇಕಿಲ್ಲ. ಸಾಲದ ಮಾತುಕತೆಗೆ ಕೂರುವ ಮುನ್ನ ರಾಜ್ಯ ಇಲಾಖೆ ಸಂಬಂಧಪಟ್ಟ ಪುರಸಭೆ, ಪಂಚಾಯತಿಗಳ ಲಿಖಿತ ಅಭಿಪ್ರಾಯವನ್ನು ಕಡತಕ್ಕೆ ಸೇರಿಸಬಹುದು; ದೆಹಲಿ ಅದನ್ನು ಷರತ್ತಾಗಿ ಮಾಡಬಹುದು. ಕಾಮಗಾರಿ ಯಾವ ಇಲಾಖೆಯದಾದರೂ ಅದರ ವಾರ್ಷಿಕ ಲೆಕ್ಕದ ಕನ್ನಡ ಪ್ರತಿಯನ್ನು ಆ ಊರಿನ ಜಮಾಬಂದಿಯಲ್ಲಿ ಮಂಡಿಸುವಂತೆ ಸರ್ಕಾರ ಒಂದು ಆದೇಶದಿಂದ ವಿಧಿಸಬಹುದು. ಮೂರನೆಯದು ಹೆಚ್ಚು ಮುಖ್ಯ: ಕಡಲ ಕಾಮಗಾರಿ ಮುಗಿದ ಮೇಲೆ ಕನಿಷ್ಠ ಹತ್ತು ಮಳೆಗಾಲ ದಂಡೆಯ ಅಳತೆ ಮಾಡಿಸಿ ಪ್ರಕಟಿಸುವ ವೆಚ್ಚವನ್ನು ಸಾಲದ ಅಂದಾಜಿನಲ್ಲೇ ಸೇರಿಸಿ ಪ್ರತ್ಯೇಕ ನಿಧಿಯಾಗಿ ಇಡುವುದು. ಒಟ್ಟು ಮೊತ್ತದ ಮುಂದೆ ಅದು ಸಣ್ಣ ಬಾಬತ್ತು. ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ವಿದ್ಯಾಲಯ ಹತ್ತಿರವೇ ಇದೆ. ಅಳೆಯುವ ಪರಿಣತಿಯನ್ನು ಮನಿಲಾದಿಂದಲೋ ವಾಷಿಂಗ್ಟನ್ನಿನಿಂದಲೋ ತರಿಸಬೇಕಾಗಿಲ್ಲ. ಈ ಬಾಬತ್ತನ್ನು ಬಿಟ್ಟ ಅಂದಾಜುಪಟ್ಟಿಗೆ ಸಹಿ ಹಾಕುವುದಿಲ್ಲವೆಂದು ಕರ್ನಾಟಕದ ಪ್ರತಿನಿಧಿ ಹೇಳಬಲ್ಲ ಸ್ಥಳ ಮಾತುಕತೆಯ ಮೇಜು ಮಾತ್ರ. ಮಂಡಳಿಯ ಒಪ್ಪಿಗೆ ಬಿದ್ದ ಮರುದಿನದಿಂದ ಆ ಮಾತಿಗೆ ಬಲವಿರುವುದಿಲ್ಲ.