ಹಾಯ್ ವಾನ್ ಘಾಟಿಯಲ್ಲಿ ಒಂದು ಬಾಡಿಗೆ ಬೈಕು

ವಿಯೆಟ್ನಾಮಿನ ಹ್ವೆ ಪಟ್ಟಣದಲ್ಲಿ ಬೈಕೊಂದನ್ನು ಬಾಡಿಗೆಗೆ ಪಡೆಯಲು ನನಗೆ ಐದು ನಿಮಿಷವೂ ಬೇಕಾಗಲಿಲ್ಲ. ಅಂಗಡಿಯ ಹೆಂಗಸು ಪಾಸ್‌ಪೋರ್ಟಿನ ಜೆರಾಕ್ಸ್ ಇಟ್ಟುಕೊಂಡರು, ಬೈಕಿನ ಮೈಮೇಲಿದ್ದ ಗೀರುಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿ ಮೊಬೈಲಿನಲ್ಲಿ ಫೋಟೊ ತೆಗೆದರು, ಮರುದಿನ ಸಂಜೆ ಹೋಯ್ ಆನ್ ಊರಿನಲ್ಲಿ ಬೈಕನ್ನು ಯಾರಿಗೆ ಒಪ್ಪಿಸಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಲೈಸೆನ್ಸ್ ಕೇಳಲೇ ಇಲ್ಲ. ಬೆಂಗಳೂರಿನ ಆರ್‌ಟಿಓ ಕಚೇರಿಯಲ್ಲಿ ಮಾಡಿಸಿಕೊಂಡು ಬಂದಿದ್ದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಾನಾಗಿಯೇ ಹೆಮ್ಮೆಯಿಂದ ಚೀಲದಿಂದ ತೆಗೆದೆ. ಅವರು ಅದನ್ನು ಬಿಡಿಸಿ ಕೂಡ ನೋಡದೆ ನಕ್ಕು ಕೀಲಿಯನ್ನು ನನ್ನ ಕೈಗಿಟ್ಟರು. ಆ ನಗುವಿನ ಅರ್ಥ ನನಗೆ ತಿಳಿದದ್ದು ಮರುದಿನ ರಾತ್ರಿ, ಮೊಣಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದಾಗ.

ನನಗೆ ಸಿಕ್ಕಿದ್ದು ಹೊಂಡಾ ವೇವ್. ಎಡಗೈಗೆ ಕ್ಲಚ್ ಇಲ್ಲ, ಗೇರು ಮಾತ್ರ ಕಾಲಿನಲ್ಲಿ. ಇದರ ಮೂಲಪುರುಷ 1958ರಲ್ಲಿ ಜಪಾನಿನಲ್ಲಿ ಹುಟ್ಟಿದ ಸೂಪರ್ ಕಬ್. ಸೋಬಾ ಎಂಬ ಶ್ಯಾವಿಗೆಯಂಥ ಊಟದ ತಟ್ಟೆಗಳನ್ನು ಒಂದು ಕೈಯಲ್ಲಿ ಹೊತ್ತ ಹೋಟೆಲಿನ ಹುಡುಗ ಇನ್ನೊಂದು ಕೈಯಲ್ಲೇ ಗಾಡಿ ಓಡಿಸುವಂತಿರಬೇಕು ಎಂದು ಸೊಯಿಚಿರೊ ಹೊಂಡಾ ಪಟ್ಟು ಹಿಡಿದರಂತೆ. ಹಾಗಾಗಿ ಕ್ಲಚ್ಚಿನ ಹಿಡಿ ಹೋಯಿತು. ಕಾಲು ಎತ್ತಿ ದಾಟಿಸಬೇಕಾದ ಟ್ಯಾಂಕು ಮುಂದಿನಿಂದ ಹೋಗಿ ಸೀಟಿನ ಕೆಳಗೆ ಸೇರಿತು. ಉದ್ದ ಲಂಗ ತೊಟ್ಟವರೂ ಸಲೀಸಾಗಿ ಹತ್ತಿ ಕೂರುವಂತಾಯಿತು. 2017ರ ಹೊತ್ತಿಗೆ ಈ ವಂಶದ ಬೈಕುಗಳ ಸಂಖ್ಯೆ 10 ಕೋಟಿ ದಾಟಿತ್ತು. ಮೋಟಾರು ಹಾಕಿದ ಬೇರಾವ ವಾಹನವೂ ಇಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ.

ಈ ಬೈಕು ವಿಯೆಟ್ನಾಮಿಗೆ ಬಂದದ್ದು ಯುದ್ಧದ ಬೆನ್ನೇರಿ. 1960ರ ದಶಕದ ನಡುಭಾಗದಲ್ಲಿ ಅಮೆರಿಕದ ಡಾಲರುಗಳು ದಕ್ಷಿಣ ವಿಯೆಟ್ನಾಮಿಗೆ ಹರಿದು ಬರುತ್ತಿದ್ದವು. ಹಣದುಬ್ಬರ ಏರಿ ಜನ ರೊಚ್ಚಿಗೇಳಬಾರದೆಂದರೆ ಕೊಳ್ಳಲು ಸಾಮಾನು ಇರಬೇಕು. ಅಮೆರಿಕದ ನೆರವಿನ ಆಮದು ವ್ಯವಸ್ಥೆಯಡಿ ಸಾಮಾನು ಬಂತು. ಅದರಲ್ಲಿ ಜಪಾನಿನ ಬೈಕುಗಳೂ ಇದ್ದವು. ಸೈಗಾನಿನ ಬೀದಿಗಳು ಹೊಂಡಾಗಳಿಂದ ತುಂಬಿ, ಕೊನೆಗೆ ‘ಹೊಂಡಾ’ ಎಂದರೆ ಯಾವುದೇ ಬೈಕು ಎಂಬರ್ಥವೇ ಬಂದುಬಿಟ್ಟಿತು. ನಮ್ಮಲ್ಲಿ ನಕಲು ಪ್ರತಿ ‘ಜೆರಾಕ್ಸ್’ ಆದ ಹಾಗೆ. ಅಮೆರಿಕನ್ ಸೈನಿಕರ ಕೈಗಡಿಯಾರ ಕಸಿದು ಮಾಯವಾಗುವ ಪಡ್ಡೆಗಳೂ ಹೊಂಡಾ ಮೇಲೆಯೇ, ಆವ್ ಜಾಯ್ ತೊಟ್ಟು ಕಾಲೇಜಿಗೆ ಹೊರಟ ಹುಡುಗಿಯರೂ ಹೊಂಡಾ ಮೇಲೆಯೇ. 1975ರಲ್ಲಿ ಯುದ್ಧ ಮುಗಿಯಿತು. ಪೆಟ್ರೋಲು ಸಿಗದ ವರ್ಷಗಳು ಬಂದವು, ಊರು ಸೈಕಲ್ಲಿಗೆ ಮರಳಿತು.

ಆದರೆ ಮನೆಯಲ್ಲಿ ಹಳೆಯ ಹೊಂಡಾ ಉಳಿಸಿಕೊಂಡವನಿಗೆ ಅದೇ ಅನ್ನದ ದಾರಿಯಾಯಿತು. ‘ಸೆ ಓಮ್’ ಎಂದರೆ ತಬ್ಬಿಕೊಂಡು ಹೋಗುವ ಗಾಡಿ: ಹಿಂದಿನ ಸೀಟಿನಲ್ಲಿ ಒಬ್ಬರನ್ನು ಕೂರಿಸಿಕೊಂಡು ಬಿಡುವ ಬಾಡಿಗೆ ಸವಾರಿ. ಸೋತ ಸೈನ್ಯದವರು, ಶಿಬಿರಗಳಿಂದ ಬಿಡುಗಡೆಯಾಗಿ ಬಂದು ಬೇರೆ ಕೆಲಸ ಸಿಗದ ಅಧಿಕಾರಿಗಳು, ಮೇಷ್ಟ್ರುಗಳು ಸೈಗಾನಿನ ಮೂಲೆಗಳಲ್ಲಿ ಹೀಗೆ ಗಿರಾಕಿಗಾಗಿ ಕಾದು ನಿಂತರು. ಆ ದೇಶದಲ್ಲಿ ಬಾಡಿಗೆ ಬೈಕಿನ ಚರಿತ್ರೆ ಇಲ್ಲಿಂದ ಶುರುವಾಗುತ್ತದೆ ಎಂದು ನನಗನ್ನಿಸುತ್ತದೆ. ಬೈಕಿನ ಜತೆಗೆ ಅದನ್ನು ಓಡಿಸುವವನೂ ಬಾಡಿಗೆಗೆ ಸಿಗುತ್ತಿದ್ದ. ಈ ಮಾತನ್ನು ನೆನಪಿಟ್ಟಿರಿ, ಕೊನೆಗೆ ಬೇಕಾಗುತ್ತದೆ.

ಉತ್ತರದ ಕಥೆ ಬೇರೆ. ಅಲ್ಲಿಗೆ ಬೈಕುಗಳು ಬಂದದ್ದು ಸಮಾಜವಾದಿ ದೇಶಗಳಿಂದ. ಪೂರ್ವ ಜರ್ಮನಿಯ ಕಾರ್ಖಾನೆಗಳಿಗೆ ಕೂಲಿಗೆ ಹೋದವರು ಸಿಮ್ಸನ್ ಮೊಪೆಡ್ಡುಗಳನ್ನು ಮನೆಗೆ ಸಾಗಿಸಿದರು. ಸೋವಿಯತ್ ಬೆಲಾರೂಸಿನಿಂದ ಮಿನ್ಸ್ಕ್ ಬಂತು: 125 ಸಿಸಿ, ಟೂ ಸ್ಟ್ರೋಕ್, ವಿಪರೀತ ಹೊಗೆ, ಸುತ್ತಿಗೆ ಮತ್ತು ತಂತಿ ಇದ್ದರೆ ರಿಪೇರಿ. ಮೈಸೂರಿನ ಜಾವಾ, ಯೆಜ್ಡಿಗಳ ಸದ್ದು ಕೇಳಿ ಬೆಳೆದವರಿಗೆ ಇದರ ದನಿ ಅಪರಿಚಿತವೆನಿಸದು. 1986ರ ‘ದೋಯ್ ಮೋಯ್’ ಸುಧಾರಣೆಯ ನಂತರ ದೇಶದ ಬಾಗಿಲು ತೆರೆಯಿತು. 1990ರ ದಶಕದಲ್ಲಿ ಬೆನ್ನಚೀಲ ಹೊತ್ತು ಹನೋಯ್‌ಗೆ ಬಂದಿಳಿದ ವಿದೇಶಿಯರು ಬಾಡಿಗೆಗೆ ಪಡೆದು ಬೆಟ್ಟ ಹತ್ತಿದ್ದು ಈ ಮಿನ್ಸ್ಕ್‌ಗಳ ಮೇಲೆ. 1996ರಲ್ಲಿ ಹೊಂಡಾ ಅಲ್ಲೇ ಕಂಪನಿ ತೆರೆಯಿತು, ಚೀನಾದ ಅಗ್ಗದ ಬೈಕುಗಳು ನುಗ್ಗಿದವು, ಅವನ್ನು ಎದುರಿಸಲು 2002ರಲ್ಲಿ ಬೆಲೆ ಇಳಿಸಿದ ವೇವ್ ಬಂತು. ಈಗ ಸುಮಾರು 10 ಕೋಟಿ ಜನರ ಆ ದೇಶದಲ್ಲಿ ನೋಂದಣಿಯಾದ ಬೈಕುಗಳು 7 ಕೋಟಿಗೂ ಹೆಚ್ಚು.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಎರಡು ತಲೆಮಾರು ಬೈಕಿನ ಮೇಲೆಯೇ ಬದುಕಿದ ಜನಕ್ಕೆ ರಸ್ತೆಯ ಒಂದು ಅಲಿಖಿತ ವ್ಯಾಕರಣ ಮೈಗೂಡಿರುತ್ತದೆ. ಹನೋಯ್‌ನ ಸರ್ಕಲ್ಲಿನಲ್ಲಿ ನೂರಾರು ಬೈಕುಗಳು ಯಾರೂ ನಿಲ್ಲದೆ, ಯಾರೂ ರಭಸವಾಗಿ ನುಗ್ಗದೆ, ಹೊಳೆಯ ನೀರು ಬಂಡೆಗಳ ನಡುವೆ ದಾರಿ ಮಾಡಿಕೊಂಡ ಹಾಗೆ ಹಾದು ಹೋಗುತ್ತವೆ. ಅಲ್ಲಿ ಥಟ್ಟನೆ ಬ್ರೇಕು ಹಾಕುವುದೇ ದೊಡ್ಡ ತಪ್ಪು. ಹಾರ್ನು ಬೈಗುಳವಲ್ಲ, ‘ನಾನು ಇಲ್ಲಿದ್ದೇನೆ’ ಎಂಬ ತಿಳಿವಳಿಕೆ. ಕಾನೂನು ತಡವಾಗಿ ಬಂತು; ಎಲ್ಲ ರಸ್ತೆಗಳಲ್ಲೂ ಹೆಲ್ಮೆಟ್ ಕಡ್ಡಾಯವಾದದ್ದು 2007ರ ಡಿಸೆಂಬರ್ 15ರಂದು. ಅದುವರೆಗೆ ಹೆಲ್ಮೆಟ್ಟನ್ನು ‘ಅನ್ನದ ಕುಕ್ಕರ್’ ಎಂದು ಗೇಲಿ ಮಾಡುತ್ತಿದ್ದವರು ಒಂದೇ ದಿನದಲ್ಲಿ ಅದನ್ನು ತಲೆಗೇರಿಸಿಕೊಂಡರು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ದಿನಾ ಗಾಡಿ ಓಡಿಸುವ ನಾನು, ಇದೆಲ್ಲ ನನಗೇನು ಹೊಸದೇ ಎಂದುಕೊಂಡಿದ್ದೆ. ಬೆಂಗಳೂರಿನವರ ಈ ಗರ್ವಕ್ಕೆ ಮದ್ದಿಲ್ಲ.

ಹ್ವೆಯಿಂದ ದಾ ನಾಂಗ್ ಕಡೆಗೆ ಹೊರಟರೆ ಲಾಂಗ್ ಕೋ ಎಂಬ ಕಡಲ ಹಿನ್ನೀರಿನ ಊರು ದಾಟಿದ ಮೇಲೆ ಹಾಯ್ ವಾನ್ ಘಾಟಿ. ಹೆಸರಿನ ಅರ್ಥ ಕಡಲು ಮತ್ತು ಮೋಡ. ಸಮುದ್ರದಿಂದ ನೇರವಾಗಿ ಎದ್ದ ಬೆಟ್ಟದ ಮೇಲೆ, 496 ಮೀಟರ್ ಎತ್ತರಕ್ಕೆ, ಸುಮಾರು 20 ಕಿಲೋಮೀಟರ್ ಸುತ್ತಿ ಹತ್ತಿ ಇಳಿಯುವ ರಸ್ತೆ. ಒಂದು ಕಾಲಕ್ಕೆ ಇದು ಎರಡು ರಾಜ್ಯಗಳ ಗಡಿ. ಉತ್ತರಕ್ಕೆ ದಾಯ್ ವಿಯೆಟ್, ದಕ್ಷಿಣಕ್ಕೆ ಸಂಸ್ಕೃತದಲ್ಲಿ ಶಾಸನ ಬರೆಸುತ್ತಿದ್ದ, ಶಿವನನ್ನು ಭದ್ರೇಶ್ವರನೆಂದು ಪೂಜಿಸುತ್ತಿದ್ದ ಚಂಪಾ. 1306ರಲ್ಲಿ ಚಂಪಾದ ರಾಜ ಜಯಸಿಂಹವರ್ಮ ಉತ್ತರದ ರಾಜಕುಮಾರಿಯನ್ನು ಮದುವೆಯಾಗಲು ಈ ಬೆಟ್ಟದ ಆಚೆಯ ಎರಡು ಪ್ರಾಂತಗಳನ್ನು ಕೊಟ್ಟುಬಿಟ್ಟ. ನಾನು ಬೈಕು ಬಾಡಿಗೆಗೆ ಪಡೆದ ಹ್ವೆ ಆ ಭೂಮಿಯಲ್ಲೇ ಇದೆ. ಘಾಟಿಯ ನೆತ್ತಿಯಲ್ಲಿ 1826ರಲ್ಲಿ ಮಿನ್ ಮಾಂಗ್ ದೊರೆ ಕಟ್ಟಿಸಿದ ಇಟ್ಟಿಗೆಯ ಹೆಬ್ಬಾಗಿಲು, ಅದರ ಪಕ್ಕದಲ್ಲೇ ಫ್ರೆಂಚರ ಕಾಲದ ಕಾಂಕ್ರೀಟಿನ ಕಾವಲು ಗೂಡುಗಳು. ಬಸ್ಸಿನಲ್ಲಿ ಹೋಗುವವರಿಗೆ ಇದೊಂದೂ ಕಾಣದು. 2005ರಲ್ಲಿ ಬೆಟ್ಟದ ಹೊಟ್ಟೆಯಲ್ಲಿ ಆರು ಕಿಲೋಮೀಟರಿಗೂ ಉದ್ದದ ಸುರಂಗ ತೆರೆದ ಮೇಲೆ ವಾಹನಗಳೆಲ್ಲ ಅದರೊಳಗೇ ಹೋಗುತ್ತವೆ. ಸುರಂಗಕ್ಕೆ ಬಿಡದಿರುವುದು ಬೈಕುಗಳನ್ನು, ಜಾನುವಾರು ತುಂಬಿದ ಲಾರಿಗಳನ್ನು, ಪೆಟ್ರೋಲ್ ಟ್ಯಾಂಕರುಗಳನ್ನು. ಹಾಗಾಗಿ ಘಾಟಿ ಉಳಿದದ್ದು ನಮಗೂ ಟ್ಯಾಂಕರುಗಳಿಗೂ.

ಸಣ್ಣ ಜಿಟಿಜಿಟಿ ಮಳೆ. ತಿರುವಿನಲ್ಲಿ ಮೇಲಿನಿಂದ ಒಂದು ಟ್ಯಾಂಕರ್ ಇಳಿದು ಬಂತು. ವಿಯೆಟ್ನಾಮಿನಲ್ಲಿ ಗಾಡಿಗಳು ಬಲಬದಿಯಲ್ಲಿ ಚಲಿಸುತ್ತವೆ. ಎರಡು ತಾಸಿನಿಂದ ಅದನ್ನು ಮನಸ್ಸಿನಲ್ಲಿ ಜಪಿಸುತ್ತಲೇ ಬಂದಿದ್ದೆ. ಆದರೆ ಗಾಬರಿಯಾದಾಗ ನಿರ್ಧಾರ ಮಾಡುವುದು ಮನಸ್ಸಲ್ಲ, ಇಪ್ಪತ್ತು ವರ್ಷ ನಮ್ಮ ರಸ್ತೆಗಳಲ್ಲಿ ಪಳಗಿದ ಕೈ. ಅದು ಎಡಕ್ಕೆ ತಿರುಗಿತು, ಅಂದರೆ ನೇರ ಟ್ಯಾಂಕರಿನ ದಾರಿಗೆ. ಕ್ಷಣದಲ್ಲಿ ಎಚ್ಚೆತ್ತು ಬಲಕ್ಕೆ ಎಳೆದೆ, ಮುಂದಿನ ಚಕ್ರ ಜಲ್ಲಿಯ ಮೇಲೆ ಜಾರಿತು. ಬಿದ್ದೆ. ಟ್ಯಾಂಕರ್ ದೀರ್ಘವಾಗಿ ಹಾರ್ನು ಹೊಡೆಯುತ್ತಾ ಒಂದು ಮಾರು ದೂರದಲ್ಲಿ ಹಾದುಹೋಯಿತು.

ಹಿಂದೆ ಬರುತ್ತಿದ್ದ ಗಂಡ ಹೆಂಡತಿ ನಿಲ್ಲಿಸಿದರು. ಗಂಡ ಮೊದಲು ಬೈಕನ್ನೆತ್ತಿ ಪಕ್ಕಕ್ಕಿಟ್ಟು ಎಂಜಿನ್ ಆರಿಸಿದ. ಹೆಂಡತಿ ನನ್ನ ಮೊಣಕಾಲಿಗೆ ಬಾಟಲಿಯ ನೀರು ಸುರಿದು ಜಲ್ಲಿ ತೊಳೆದರು. ಆತ ಮುಂದಿನ ಚಕ್ರವನ್ನು ತನ್ನೆರಡು ಮೊಣಕಾಲುಗಳ ನಡುವೆ ಬಿಗಿಹಿಡಿದು ಸೊಟ್ಟಗಾಗಿದ್ದ ಹ್ಯಾಂಡಲ್ಲನ್ನು ಒಂದೇ ಜಗ್ಗಿಗೆ ನೆಟ್ಟಗೆ ಮಾಡಿದ. ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು. ದುಡ್ಡು ತೆಗೆದರೆ ಕೈ ಅಡ್ಡ ಮಾಡಿದರು.

ರಾತ್ರಿ ಹೋಯ್ ಆನ್‌ನಲ್ಲಿ ಪ್ರವಾಸ ವಿಮೆಯ ಕಾಗದ ತೆಗೆದು ಓದಿದೆ. ಬೈಕು ಅಪಘಾತಕ್ಕೆ ಪರಿಹಾರ ಬೇಕೆಂದರೆ ಆ ದೇಶದಲ್ಲಿ ಸಿಂಧುವಾದ ಲೈಸೆನ್ಸ್ ಇರಬೇಕು ಎಂದಿತ್ತು. ನನ್ನ ಅಂತರರಾಷ್ಟ್ರೀಯ ಪರವಾನಗಿ ಇದೆಯಲ್ಲ ಎಂದು ಸಮಾಧಾನಪಟ್ಟು ಅದನ್ನು ತೆರೆದೆ. ಅದು 1949ರ ಒಪ್ಪಂದದಂತೆ ಕೊಟ್ಟದ್ದೆಂದು ಅದರಲ್ಲೇ ಅಚ್ಚಾಗಿತ್ತು. ಈ ‘ಅಂತರರಾಷ್ಟ್ರೀಯ’ ಎಂಬ ಮಾತಿನ ಹಿಂದೆಯೂ ಒಂದು ಚರಿತ್ರೆಯಿದೆ. ಎರಡನೇ ಮಹಾಯುದ್ಧದ ನಂತರ, 1949ರಲ್ಲಿ, ಜಿನೀವಾದಲ್ಲಿ ರಸ್ತೆ ಸಂಚಾರದ ಒಪ್ಪಂದವಾಯಿತು. 1968ರಲ್ಲಿ ವಿಯೆನ್ನಾದಲ್ಲಿ ಇನ್ನೊಂದಾಯಿತು. ಎರಡರ ಪರವಾನಗಿಯೂ ನೋಡಲು ಒಂದೇ ಥರದ ಪುಸ್ತಿಕೆ. ಭಾರತ ಕೊಡುವುದು ಜಿನೀವಾದ್ದು. ವಿಯೆಟ್ನಾಮ್ 2014ರಲ್ಲಿ ಸೇರಿದ್ದು ವಿಯೆನ್ನಾದ ಒಪ್ಪಂದಕ್ಕೆ, ಅಲ್ಲಿ ಮಾನ್ಯವಾಗುವುದು ಅದರ ಪರವಾನಗಿ ಮಾತ್ರ. ಥಾಯ್ಲೆಂಡಿನಲ್ಲಿ ನಡೆಯುವ ನಮ್ಮ ಪುಸ್ತಿಕೆ ಇಲ್ಲಿ ಬರಿಯ ಕಾಗದ. ಅಂಗಡಿಯಾಕೆ ನಕ್ಕದ್ದು ಇದಕ್ಕೇ ಇರಬೇಕು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಹೊರಡುವ ಮೊದಲು ಓದಬೇಕಾದವನು ನಾನು.

ನನ್ನ ಮೊಣಕಾಲಿನದು ದೊಡ್ಡ ಮಾತಲ್ಲ. ಆ ತಿರುವಿನಲ್ಲಿ ಟ್ಯಾಂಕರಿನ ಬದಲು ಮಗುವನ್ನು ಮುಂದೆ ನಿಲ್ಲಿಸಿಕೊಂಡು ಮತ್ತೊಂದು ವೇವ್ ಬಂದಿದ್ದರೆ? ಲೈಸೆನ್ಸ್ ಇಲ್ಲದ, ವಿಮೆ ಇಲ್ಲದ, ಮೂರು ದಿನದಲ್ಲಿ ವಿಮಾನ ಹತ್ತುವ ನಾನು ಅವರಿಗೆ ಏನು ಕೊಡಬಲ್ಲವನಾಗಿದ್ದೆ? ಬೈಕು ಬಾಡಿಗೆಯ ಅಪಾಯವನ್ನು ಲೆಕ್ಕ ಹಾಕುವ ಪ್ರವಾಸಿ ಸಾಮಾನ್ಯವಾಗಿ ತನ್ನ ಮೂಳೆ, ತನ್ನ ಪಾಸ್‌ಪೋರ್ಟು, ತನ್ನ ಮುಂಗಡ ಇಷ್ಟನ್ನೇ ಎಣಿಸುತ್ತಾನೆ. ನಾನೂ ಹಾಗೆಯೇ ಎಣಿಸಿದ್ದೆ.

ಹಾಗೆಂದು ಬೈಕಿನ ಪ್ರಯಾಣ ಬಿಡಲು ಮನಸ್ಸಾಗಲಿಲ್ಲ. ಟಿಕೆಟನ್ನು ಒಂದು ವಾರ ಮುಂದೂಡಿ ಉತ್ತರದ ಹಾ ಜಾಂಗ್ ಬೆಟ್ಟಗಳಿಗೆ ಹೋದೆ. ಈ ಸಲ ಹಿಂದಿನ ಸೀಟಿನಲ್ಲಿ, ಅದೇ ಊರಿನ ಸವಾರನೊಬ್ಬನ ಬೆನ್ನಿಗೆ, ಹಳೆಯ ಸೆ ಓಮ್ ಗಿರಾಕಿಯ ಹಾಗೆ. ಅಲ್ಲಿನ ರಸ್ತೆಯ ಹೆಸರು ‘ಸುಖದ ದಾರಿ’. 1959ರಿಂದ 1965ರವರೆಗೆ, ಎಂಟು ಪ್ರಾಂತಗಳಿಂದ ಬಂದ ಸಾವಿರಕ್ಕೂ ಹೆಚ್ಚು ಯುವಜನರು ಗುದ್ದಲಿ, ಸನಿಕೆ, ಸುತ್ತಿಗೆಗಳಿಂದ ಸುಣ್ಣಕಲ್ಲಿನ ಬೆಟ್ಟ ಕಡಿದು ಮಾಡಿದ ಸುಮಾರು 185 ಕಿಲೋಮೀಟರ್ ರಸ್ತೆ ಅದು. ಮಾ ಪಿ ಲೆಂಗ್ ಎಂಬ ಕಡಿದಾದ ಗೋಡೆಯಲ್ಲಿ ಹನ್ನೊಂದು ತಿಂಗಳು ಹಗ್ಗಕ್ಕೆ ಜೋತುಬಿದ್ದು ಬಂಡೆ ಕೊರೆದರು. ಸತ್ತವರ ಸಮಾಧಿಗಳು ದಾರಿಯಲ್ಲಿ ಯೆನ್ ಮಿನ್ ಎಂಬಲ್ಲಿವೆ. ನಾನೇ ಓಡಿಸುತ್ತಿದ್ದರೆ ನನ್ನ ಕಣ್ಣು ಮುಂದಿನ ಹತ್ತು ಅಡಿ ಡಾಂಬರಿನ ಮೇಲೆಯೇ ಇರುತ್ತಿತ್ತು. ಹಿಂದೆ ಕೂತದ್ದರಿಂದ ಬಂಡೆಯನ್ನು ಕಡಿದ ಬದಿಯನ್ನು ನೋಡಿದೆ, ಆಳದಲ್ಲಿ ದಾರದಂತೆ ಬಿದ್ದಿದ್ದ ನ್ಯೋ ಕ್ವೆ ನದಿಯನ್ನು ನೋಡಿದೆ, ಬೆನ್ನಿನ ಬುಟ್ಟಿಯಲ್ಲಿ ಹುಲ್ಲು ಹೊತ್ತು ಏರು ಹತ್ತುತ್ತಿದ್ದ ಹೆಂಗಸರನ್ನು ನೋಡಿದೆ. ಪ್ರತಿ ತಿರುವಿಗೂ ಮೊದಲು ಸವಾರ ಒಮ್ಮೆ ಹಾರ್ನು ಒತ್ತಿ, ಅರೆಕ್ಷಣ ಕಿವಿಗೊಟ್ಟು, ಆಮೇಲೆ ಬಾಗುತ್ತಿದ್ದ.

ಇಳಿಯುವಾಗ ರಸ್ತೆ ಅಗಲವಾದ ಕಡೆ, ಸ್ವಲ್ಪ ದೂರ ನಾನು ಓಡಿಸಲೇ ಎಂದು ಸನ್ನೆ ಮಾಡಿ ಕೇಳಿದೆ. ಆತ ನನ್ನ ಮೊಣಕಾಲಿನ ಒಣಗುತ್ತಿದ್ದ ಗಾಯವನ್ನು ನೋಡಿದ, ಆಗದು ಎಂಬಂತೆ ತಲೆಯಲ್ಲಾಡಿಸಿ ಕೀಲಿ ತಿರುಗಿಸಿದ.